ಕೂಲಂಟ್ ಬಿಸಿಯ ಏರಿಳಿತ: ಮುಳ್ಳು, ಡಾಂಗಲ್, ಗನ್, ಪಂಪ್ – ಯಾವುದು ಕೆಲಸಕ್ಕೆ ಬಂತು?

ಎಂಜಿನ್ ಬಿಸಿ ಏರಿಳಿಯುತ್ತಿದೆ ಅಂದರೆ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ರೇಡಿಯೇಟರಿಗೆ ಬಿಡುವ ಕವಾಟ) ಬದಲಿಸಿ ಅಂತಾರೆ, ಇನ್ನೊಂದರಲ್ಲಿ ರೇಡಿಯೇಟರ್ ಹೋಗಿದೆ ಅಂತಾರೆ, ಮೂರನೆಯವರು ತಲೆ ಅಲ್ಲಾಡಿಸಿ ‘ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಅಡಿಯ ಸೀಲು) ಇರಬೇಕು ಸಾರ್’ ಎಂದು ಜೇಬಿಗೇ ಕೈಹಾಕುತ್ತಾರೆ. ಮೂರೂ ಸಾಧ್ಯ. ಆದರೆ ಬಿಡಿಭಾಗ ಬದಲಿಸುತ್ತಾ ಕಾರಣ ಹುಡುಕುವುದು ಬಹಳ ದುಬಾರಿ ದಾರಿ. ಹಾಗಾಗಿ ಒಂದೇ ಕಾರಿನ ಮೇಲೆ, ಒಂದೇ ತೊಂದರೆಗೆ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಪ್ರಯೋಗಿಸಿ ನೋಡಿದೆ.

ಕಾರು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಎಷ್ಟು ಹೊತ್ತು ನಿಂತರೂ ತಕರಾರಿಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಶಿರಾಡಿ ಘಾಟಿ ಹತ್ತುತ್ತಿದ್ದರೆ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಒಂದಿಷ್ಟು ಮೇಲೇರುತ್ತಿತ್ತು, ಮತ್ತೆ ತಾನಾಗಿ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

ಮೊದಲು ಮುಳ್ಳಿನ ವಿಷಯ. ಹಲವು ಕಾರುಗಳಲ್ಲಿ ಅದನ್ನು ಬೇಕೆಂದೇ ಮಂದ ಮಾಡಿರುತ್ತಾರೆ. ಒಳಗೆ 80 ಡಿಗ್ರಿ ಇದ್ದರೂ 100 ಇದ್ದರೂ ಅದು ನಟ್ಟನಡುವೆ ನಿಂತಿರುತ್ತದೆ. ಸಣ್ಣ ಏರಿಳಿತಕ್ಕೆಲ್ಲ ಗ್ರಾಹಕರು ಗಾಬರಿಯಾಗಿ ಸರ್ವೀಸ್ ಸೆಂಟರಿಗೆ ಓಡಬಾರದಲ್ಲ. ಆದ್ದರಿಂದ ಮುಳ್ಳು ಅಲ್ಲಾಡಿದೆ ಎಂದರೆ ಒಳಗಿನ ವ್ಯತ್ಯಾಸ ದೊಡ್ಡದೇ ಇದೆ ಎಂದರ್ಥ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಿ ಪ್ರಯೋಜನವಿಲ್ಲ. ಹೊಸ ಕಾರುಗಳಲ್ಲಿ ಕೆಲವಕ್ಕೆ ಮುಳ್ಳೂ ಇಲ್ಲ, ನೀಲಿ ದೀಪ, ಕೆಂಪು ದೀಪ ಅಷ್ಟೇ. ಕೆಂಪು ಉರಿಯುವ ಹೊತ್ತಿಗೆ ತಡವಾಗಿರುತ್ತದೆ.

ಅದರ ಪಕ್ಕದಲ್ಲಿ ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಪುಟ್ಟ ಸಾಧನ) ಇಟ್ಟು ನೋಡಿದರೆ ಅಜಗಜಾಂತರ. ಇಎಲ್‌ಎಂ 327 ಹೆಸರಿನ ಬ್ಲೂಟೂತ್ ಡಾಂಗಲ್‌ಗಳು ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಫೋನಿಗೆ ಜೋಡಿಸಿದರಾಯಿತು. ನಮ್ಮಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಕೆಲವು ಮಾತಾಡುತ್ತವೆ, ಕೆಲವು ಮಾತಾಡುವುದಿಲ್ಲ. ಅಗ್ಗದ ಡಾಂಗಲ್ ನಿಧಾನ, ಒಟ್ಟಿಗೆ ಹತ್ತು ಮಾಹಿತಿ ಕೇಳಿದರೆ ಒದ್ದಾಡುತ್ತದೆ. ಕೂಲಂಟ್ ತಾಪಮಾನ, ವಾಹನದ ವೇಗ, ಇವೆರಡನ್ನೇ ಆರಿಸಿ ರೆಕಾರ್ಡಿಗೆ ಹಾಕಿ. ಘಾಟಿಯಲ್ಲಿ ಫೋನ್ ನೋಡುತ್ತಾ ಓಡಿಸಬೇಡಿ, ಮನೆಗೆ ಬಂದು ಗ್ರಾಫ್ ನೋಡಿದರೆ ಸಾಕು.

ನೋಡಬೇಕಾದ್ದು ಅಂಕಿಯನ್ನಲ್ಲ, ಆ ಗೆರೆಯ ಆಕಾರವನ್ನು. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಗೆರೆ ಸಮನಾಗಿ ಏರಿ, 82ರಿಂದ 90ರ ಆಸುಪಾಸಿನಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಸ್ವಲ್ಪ ತಗ್ಗಿ, ಆಮೇಲೆ ಸಪಾಟಾಗುತ್ತದೆ. ನಿಂತಲ್ಲೇ ಓಡಿಸಿದರೆ ಗರಗಸದ ಹಲ್ಲು ಕಾಣುತ್ತದೆ: ಮೇಲೇರುತ್ತದೆ, ಫ್ಯಾನ್ ತಿರುಗುತ್ತದೆ, ನಾಲ್ಕೈದು ಡಿಗ್ರಿ ಇಳಿಯುತ್ತದೆ, ಫ್ಯಾನ್ ನಿಲ್ಲುತ್ತದೆ. ಇದನ್ನು ಕಂಡು ಹೆದರಬೇಕಿಲ್ಲ. ಹೆದ್ದಾರಿಯಲ್ಲಿ ಓಡುವಾಗ 70ಕ್ಕೆ ಇಳಿದು ಅಲ್ಲೇ ಕೂತರೆ ಥರ್ಮೋಸ್ಟ್ಯಾಟ್ ತೆರೆದೇ ಕಚ್ಚಿಕೊಂಡಿದೆ. ನಿಂತಾಗ ಮಾತ್ರ ಏರಿದರೆ ಫ್ಯಾನ್ ಕಡೆ ನೋಡಿ. ವೇಗದಲ್ಲಿ, ಏರಿನಲ್ಲಿ ಏರಿದರೆ ನೀರಿನ ಹರಿವಿನ ಕಡೆ.

ನನ್ನ ಗ್ರಾಫ್ ಇದ್ಯಾವುದರಂತೆಯೂ ಇರಲಿಲ್ಲ. ಏರಿನಲ್ಲಿ 108 ಮುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ 93ಕ್ಕೆ ಬಿದ್ದು, ಮತ್ತೆ ಮೇಲಕ್ಕೆ. ಅಷ್ಟು ಲೋಹ, ಅಷ್ಟು ಲೀಟರ್ ನೀರು ಒಂದೆರಡು ಸೆಕೆಂಡಿನಲ್ಲಿ ಹದಿನೈದು ಡಿಗ್ರಿ ತಣ್ಣಗಾಗಲು ಸಾಧ್ಯವೇ ಇಲ್ಲ. ಒಂದೋ ಸೆನ್ಸರ್ ಅಥವಾ ವೈರು ಸುಳ್ಳು ಹೇಳುತ್ತಿದೆ, ಇಲ್ಲವೇ ಸೆನ್ಸರಿನ ಸುತ್ತ ಈಗ ನೀರು, ಈಗ ಗಾಳಿಗುಳ್ಳೆ ಬರುತ್ತಿದೆ. ಗುಳ್ಳೆ ಬಂದಾಗ ಸೆನ್ಸರ್ ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಮುಳ್ಳು ನಡುವಿಗೆ ವಾಪಸ್ ಬಂತೆಂದು ಸಮಾಧಾನಪಡುವ ಕ್ಷಣವೇ ನಿಜವಾಗಿ ಅಪಾಯದ್ದು.

ಇವೆರಡನ್ನು ಬೇರ್ಪಡಿಸಲು ಡಾಂಗಲ್ ಸಾಲದು. ಅದು ಹೇಳುವುದೇ ಸೆನ್ಸರ್ ಹೇಳಿಕೊಟ್ಟದ್ದನ್ನು. ಬಿಟ್ಟಿ ಪರೀಕ್ಷೆ ಒಂದಿದೆ: ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಕೀಲಿ ಮಾತ್ರ ತಿರುಗಿಸಿ, ಕೂಲಂಟ್ ತಾಪಮಾನವೂ ಒಳಬರುವ ಗಾಳಿಯ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇದೆಯೇ ನೋಡಿ. ನನ್ನದರಲ್ಲಿ ಇತ್ತು. ಸೆನ್ಸರ್ ಬಿಚ್ಚಿ ಬಿಸಿನೀರಿನ ಲೋಟದಲ್ಲಿಟ್ಟು ಮಲ್ಟಿಮೀಟರ್ ಹಿಡಿದೆ. ತಣ್ಣಗಿದ್ದಾಗ ಎರಡು ಕಿಲೋ ಓಮ್ ಮೀರಿದ್ದ ರೋಧ, 80 ಡಿಗ್ರಿ ಹತ್ತಿರ ಮುನ್ನೂರು ಓಮ್ ಆಸುಪಾಸಿಗೆ ನಯವಾಗಿ ಇಳಿಯಿತು. ಎಲ್ಲೂ ಜಿಗಿತವಿಲ್ಲ. ವೈರು ಅಲ್ಲಾಡಿಸಿದರೂ ಅಷ್ಟೇ. ಅಲ್ಲಿಗೆ ಸೆನ್ಸರ್ ನಿರಪರಾಧಿ.

ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಬಗ್ಗೆ ನನಗೆ ಅಂಥ ಒಲವಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇಪ್ಪತ್ತು ಮೂವತ್ತು ಡಿಗ್ರಿ ಕಡಿಮೆ ತೋರಿಸಿದರೂ ಆಶ್ಚರ್ಯವಿಲ್ಲ. ಅಲ್ಲಿ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ರೇಡಿಯೇಟರ್ ಮೈಮೇಲೆ ಓಡಿಸಿದಾಗ ನಡುವೆ ತಣ್ಣನೆ ತೇಪೆ ಸಿಕ್ಕರೆ ಒಳಗಿನ ಕೊಳವೆ ಕಟ್ಟಿದೆ ಎಂದರ್ಥ. ಬೋರ್‌ವೆಲ್ ನೀರು ಸುರಿಸಿಕೊಂಡ ಕಾರುಗಳಲ್ಲಿ ಇದು ಮಾಮೂಲು. ನನ್ನದರಲ್ಲಿ ಮೇಲಿನಿಂದ ಕೆಳಗೆ ಕ್ರಮವಾಗಿ ಇಳಿಯುತ್ತಿತ್ತು. ರೇಡಿಯೇಟರ್ ಬದಲಿಸುವ ಖರ್ಚು ಉಳಿಯಿತು, ಅದು ದೊಡ್ಡದೇ. ಆದರೆ ಘಾಟಿಯಲ್ಲಿ ಬರುವ ಕಾಯಿಲೆಯನ್ನು ನಿಂತ ಕಾರಿನಲ್ಲಿ ಗನ್ ಹೇಗೆ ಹಿಡಿದೀತು? ಥರ್ಮೋಸ್ಟ್ಯಾಟ್ ತೆರೆದದ್ದು ಮೇಲಿನ ಹೋಸ್ ಮುಟ್ಟಿದರೂ ಗೊತ್ತಾಗುತ್ತದೆ. ಫ್ಯಾನ್ ಯಾವಾಗ ಬೇಕಾದರೂ ತಿರುಗೀತು, ಬೆರಳು ಜೋಪಾನ.

ಹೆಡ್ ಗ್ಯಾಸ್ಕೆಟ್ ಭೂತ ಬಿಡಿಸಲು ನೀಲಿ ದ್ರಾವಣದ ಕಿಟ್ ಇದೆ. ರೇಡಿಯೇಟರ್ ಬಾಯಿಗೆ ಕೊಳವೆ ಇಟ್ಟು, ಎಂಜಿನ್ ಓಡುವಾಗ ಅಲ್ಲಿಯ ಗಾಳಿಯನ್ನು ದ್ರಾವಣದ ಮೂಲಕ ಎಳೆಯುವುದು. ಗ್ಯಾಸ್ಕೆಟ್ ಹೋಗಿ ಎಂಜಿನ್ ಹೊಗೆಯ ಕಾರ್ಬನ್ ಡೈಆಕ್ಸೈಡ್ ಸೇರಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ನನ್ನದು ನೀಲಿಯಾಗಿಯೇ ಉಳಿಯಿತು. ಬಿಳಿ ಹೊಗೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕಲ್ಲಿನಂತಾಗುವ ಹೋಸ್, ಇಂಥ ಲಕ್ಷಣ ಇದ್ದರೆ ಮಾತ್ರ ಈ ಕಿಟ್‌ಗೆ ದುಡ್ಡು ಹಾಕಿ.

ಕಳ್ಳನನ್ನು ಹಿಡಿದದ್ದು ಪ್ರೆಶರ್ ಟೆಸ್ಟರ್. ನೋಡಲು ಸೈಕಲ್ ಪಂಪಿನಂಥದು, ಜೊತೆಗೊಂದು ಮೀಟರ್. ಎಂಜಿನ್ ಪೂರ್ತಿ ತಣ್ಣಗಿರುವಾಗ (ಬಿಸಿಯಲ್ಲಿ ರೇಡಿಯೇಟರ್ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ) ಕ್ಯಾಪ್ ಜಾಗಕ್ಕೆ ಕೂರಿಸಿ, ಕ್ಯಾಪ್ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ ಪಂಪ್ ಮಾಡಬೇಕು. ನನ್ನದರಲ್ಲಿ 1.1 ಬಾರ್. ಕ್ಯಾಪ್ ತೆಗೆದಾಗಲೇ ಒಂದು ಸುಳಿವು ಸಿಕ್ಕಿತು: ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲಂಟ್ ಫುಲ್ ಗೆರೆಯವರೆಗಿದೆ, ರೇಡಿಯೇಟರ್ ಒಳಗೆ ಕಡಿಮೆ. ಎಂಜಿನ್ ತಣಿಯುವಾಗ ಬಾಟಲಿಯಿಂದ ನೀರು ಎಳೆದುಕೊಳ್ಳುವ ಬದಲು ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿದೆ. ಬಾಟಲಿ ಮಾತ್ರ ನೋಡಿ ‘ಕೂಲಂಟ್ ಓಕೆ’ ಎಂದು ಟಿಕ್ ಹಾಕಿ ಕಳಿಸಿದ್ದ ಗ್ಯಾರೇಜಿಗೆ ಒಂದು ನಮಸ್ಕಾರ.

ಪಂಪ್ ಮಾಡಿದ ಮೇಲೆ ಮೀಟರ್ ನಿಧಾನಕ್ಕೆ ಇಳಿಯತೊಡಗಿತು. ನೆಲದ ಮೇಲೆ ಒಂದು ಹನಿಯಿಲ್ಲ. ಟಾರ್ಚ್ ಹಿಡಿದು ಹುಡುಕಿದರೆ, ಎಂಜಿನ್ ಹಿಂಭಾಗದಲ್ಲಿ ಹೀಟರ್ ಹೋಸ್ ಲೋಹದ ಕೊಳವೆಗೆ ಕೂರುವಲ್ಲಿ, ಕ್ಲಾಂಪಿನ ಅಡಿಯಿಂದ ಒಂದು ಹಸಿರು ಮಣಿ ಮೆಲ್ಲಗೆ ಉಬ್ಬುತ್ತಿತ್ತು. ಸುತ್ತ ಒಣಗಿದ ಬಿಳಿ-ಹಸಿರು ಹುರುಪೆ. ಎಂಜಿನ್ ಬಿಸಿಯಿದ್ದಾಗ ಸೋರಿದ್ದು ಅಲ್ಲೇ ಆವಿಯಾಗುತ್ತಿದ್ದುದರಿಂದ ಕಲೆಯೇ ಬೀಳುತ್ತಿರಲಿಲ್ಲ.

ಘಾಟಿಯಲ್ಲೇ ಯಾಕೆ ಕಾಣುತ್ತಿತ್ತು ಎಂಬುದೂ ಆಗ ತಿಳಿಯಿತು. ಅರ್ಧಕ್ಕರ್ಧ ಕೂಲಂಟ್ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಕೊಡುವ ಒತ್ತಡವಿದ್ದರೆ 125 ದಾಟಿದರೂ ಕುದಿಯುವುದಿಲ್ಲ. ಸೋರಿಕೆಯಿಂದ ಒತ್ತಡ ನಿಲ್ಲದೆ, ನೀರೂ ಕಡಿಮೆಯಾಗಿ, ಏರಿನ ಬಿಸಿಗೆ ಹೆಡ್‌ನಲ್ಲಿ ಗುಳ್ಳೆ ಏಳುತ್ತಿದ್ದವು. ಊರೊಳಗೆ ಆ ಬಿಸಿ ಹುಟ್ಟುವುದೇ ಇಲ್ಲ.

ಹೋಸ್, ಕ್ಲಾಂಪ್ ಎರಡೂ ಬದಲಿಸಿ, ಕಾರಿನ ಮೂತಿಯನ್ನು ಇಳಿಜಾರಿನ ಮೇಲ್ಮುಖಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದದ್ದಾಯಿತು. ಅದೇ ಶಿರಾಡಿಯಲ್ಲಿ ಈಗ ಗೆರೆ 100ರ ಆಸುಪಾಸಿಗೆ ನಿಧಾನವಾಗಿ ಏರುತ್ತದೆ, ಘಾಟಿಯ ಮೇಲ್ತುದಿಯ ದೋಣಿಗಾಲ್ ದಾಟಿದ ಮೇಲೆ ನಿಧಾನವಾಗಿಯೇ ಇಳಿಯುತ್ತದೆ.

ಒಂದೇ ಸಾಧನ ಕೊಳ್ಳುವುದಾದರೆ ಡಾಂಗಲ್ ಕೊಳ್ಳಿ, ಎಲ್ಲಿ ಹುಡುಕಬೇಕೆಂದು ಅದು ಹೇಳುತ್ತದೆ. ಪ್ರೆಶರ್ ಟೆಸ್ಟರ್ ಕೊಳ್ಳುವುದಕ್ಕಿಂತ ಪರಿಚಯದ ಮೆಕ್ಯಾನಿಕ್ ಬಳಿ ಇದ್ದರೆ ಅವರಿಂದಲೇ ಮಾಡಿಸುವುದು ವಾಸಿ, ವರ್ಷಕ್ಕೊಮ್ಮೆಯೂ ಬೇಕಾಗದ ವಸ್ತು ಅದು. ಕೊಳ್ಳಲೇಬೇಕೆಂದಿದ್ದರೆ ನಿಮ್ಮ ಕಾರಿನ ಕ್ಯಾಪ್ ಅಳತೆಯ ಅಡಾಪ್ಟರ್ ಕಿಟ್‌ನಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ, ಅಗ್ಗದ ಕಿಟ್‌ಗಳಲ್ಲಿ ಇಲ್ಲದಿರುವುದು ಅದೊಂದೇ.