ಟೈಲ್ಸ್ ಹಾಕಲು ಬಂದ ಹೊರರಾಜ್ಯದ ತಂಡ: ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಗುತ್ತಿಗೆದಾರರಿಗೆ ಎರಡು

ಕೋಲಾರದ ಟಮಕದ ಬಳಿ ಕಟ್ಟಿಸಿದ ನಮ್ಮ ಮನೆಯ 1,400 ಚದರ ಅಡಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಲು ಊರಿನ ಒಬ್ಬ ಲೇಬರ್ ಗುತ್ತಿಗೆದಾರರಿಗೆ ಒಪ್ಪಿಸಿದ್ದೆವು. ಅವರು ಕಳಿಸಿದ್ದು ರಾಜಸ್ಥಾನದ ಐವರು ಹುಡುಗರನ್ನು. ಮನೆ ನೋಡಲು ಬಂದವರೆಲ್ಲ ಮೊದಲು ಕೆಲಸ ಹೇಗಿದೆ ಎಂದು ಕೇಳುತ್ತಾರೆ. ಆಮೇಲೆ, ದನಿ ತಗ್ಗಿಸಿ, ನಮ್ಮವರ ಅನ್ನ ಕಿತ್ತಂತಾಗಲಿಲ್ಲವೇ ಎಂದು.

ಕೆಲಸ ಅಚ್ಚುಕಟ್ಟಾಗಿದೆ. ಹನ್ನೊಂದು ದಿನಗಳಲ್ಲಿ ಮುಗಿಯಿತು, ಸಂದುಗಳು ಒಂದೇ ಸಮನಾಗಿವೆ, ಬೆರಳಿನಿಂದ ತಟ್ಟಿ ನೋಡಿದಾಗ ಟೊಳ್ಳು ಸದ್ದು ಬಂದದ್ದು ಎರಡೇ ಟೈಲ್ಸ್‌ಗಳಲ್ಲಿ. ಬಚ್ಚಲಿನ ಇಳಿಜಾರು ಮಾತ್ರ ತಪ್ಪಿ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ಅದನ್ನು ಸರಿಪಡಿಸಲು ಗುತ್ತಿಗೆದಾರರಿಗೆ ಮೂರು ಸಲ ಫೋನ್ ಮಾಡಬೇಕಾಯಿತು.

ಚದರ ಅಡಿಗೆ ನಾವು ಕೊಟ್ಟದ್ದು 26 ರೂಪಾಯಿ. ನಮ್ಮ ಗೋಡೆಗಳಿಗೆ ಗಾರೆ ಮಾಡಿದ ಸ್ಥಳೀಯ ಮೇಸ್ತ್ರಿ ಇದೇ ಕೆಲಸಕ್ಕೆ ಹಿಂದೆ 32 ಕೇಳುತ್ತಿದ್ದರು. ಅವರ ಬಾಯಿಗೆ ಮಣ್ಣು ಬಿತ್ತೇ ಎಂದರೆ, ಇಲ್ಲ. ಅವರು ಈಗ ಟೈಲ್ಸ್ ಮುಟ್ಟುವುದೇ ಇಲ್ಲ. ತಾವು ಒಪ್ಪಿಕೊಂಡ ಮನೆಗಳಿಗೆ ಇಂಥದೇ ಹುಡುಗರನ್ನು ಕರೆಸಿ, ಒಂದರ ಬದಲು ಮೂರು ಮನೆಗಳ ಉಸ್ತುವಾರಿ ನೋಡುತ್ತಾರೆ. ಪೆಟ್ಟು ಬಿದ್ದಿರುವುದು ಅವರ ಬಳಿ ಮರಳು ಜರಡಿ ಹಿಡಿದು, ಕಲಸಿದ ಸಿಮೆಂಟು ಹೊರುತ್ತಿದ್ದ ಇಬ್ಬರು ಹೆಂಗಸರಿಗೆ. ತಂಡವು ತನ್ನ ಕೈಯಾಳನ್ನು ತಾನೇ ತರುವುದರಿಂದ ಅವರನ್ನು ಈಗ ಕರೆಯುವವರಿಲ್ಲ. ಅವರ ಗಂಡುಮಕ್ಕಳು ನರಸಾಪುರದ ಕಾರ್ಖಾನೆಯ ಶಿಫ್ಟ್ ಬಸ್ಸು ಹತ್ತುತ್ತಾರೆ, ಸಿಮೆಂಟಿನ ಕೆಲಸವನ್ನು ಅವರು ಕೇಳುವುದೂ ಇಲ್ಲ. ಐವತ್ತು ದಾಟಿದ ತಾಯಂದಿರಿಗೆ ಆ ಬಸ್ಸು ನಿಲ್ಲುವುದಿಲ್ಲ.

ಅರ್ಥಶಾಸ್ತ್ರಜ್ಞರ ಹಳೆಯ ಜಗಳವೂ ಇದೇ. 1980ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 1.25 ಲಕ್ಷ ಕ್ಯೂಬನ್ನರು ಅಮೆರಿಕದ ಫ್ಲಾರಿಡಾಕ್ಕೆ ಬಂದಿಳಿದರು; ಅವರಲ್ಲಿ ಬಹಳ ಮಂದಿ ಮಯಾಮಿಯಲ್ಲೇ ನೆಲೆಸಿದರೂ, ಅಲ್ಲಿನ ಕಡಿಮೆ ಕೌಶಲದ ಕೆಲಸಗಾರರ ಕೂಲಿ ಹೆಚ್ಚೇನೂ ಇಳಿಯಲಿಲ್ಲ ಎಂದು ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಪ್ರೌಢಶಾಲೆಯನ್ನೂ ಮುಗಿಸದ ಗಂಡಸರನ್ನಷ್ಟೇ ಬೇರ್ಪಡಿಸಿ ನೋಡಿದ ಜಾರ್ಜ್ ಬೋರ್ಹಾಸ್, ಅವರ ಕೂಲಿ ಶೇಕಡಾ 10ರಿಂದ 30ರಷ್ಟು ಕುಸಿದಿತ್ತು ಎಂದು 2017ರಲ್ಲಿ ವಾದಿಸಿದರು. ಅಷ್ಟು ಸಣ್ಣ ಮಾದರಿಯಿಂದ ಅಂಥ ತೀರ್ಮಾನ ಸಲ್ಲದು ಎಂದು ಬೇರೆಯವರು ಆಕ್ಷೇಪಿಸಿದರು. ನಮ್ಮ ಅಂಗಳದಲ್ಲಿ ಮೇಸ್ತ್ರಿಯನ್ನು ನೋಡಿದರೆ ಕಾರ್ಡ್ ಸರಿ ಎನಿಸುತ್ತದೆ, ಆ ಹೆಂಗಸರನ್ನು ನೋಡಿದರೆ ಬೋರ್ಹಾಸ್.

ನನ್ನ ನಿಜವಾದ ತಕರಾರು ಗುತ್ತಿಗೆದಾರರ ಮೇಲೆ. ಮಾತಿನ ನಡುವೆ ತಂಡದ ಹಿರಿಯ ಹುಡುಗ ಹೇಳಿದಂತೆ, 26 ರೂಪಾಯಿಯಲ್ಲಿ ಅವರ ಕೈಗೆ ಸೇರುವುದು 14. ಹೊರರಾಜ್ಯದಿಂದ ಕರೆತಂದವರಿಗೆ ಅದೇ ಕೆಲಸದ ಸ್ಥಳೀಯರಿಗಿಂತ ಕಡಿಮೆ ಕೂಲಿ ಕೊಡುವಂತಿಲ್ಲ ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಆ ಅಂತರ ಮುಚ್ಚಿದ್ದರೆ ಊರಿನವರನ್ನು ಬಿಟ್ಟು ದೂರದವರನ್ನು ತರುವ ಲಾಭವೇ ಗುತ್ತಿಗೆದಾರರಿಗೆ ಇರುತ್ತಿರಲಿಲ್ಲ. ಖಾಸಗಿ ಸಂಸ್ಥೆಗಳ ಆಡಳಿತೇತರ ಹುದ್ದೆಗಳಲ್ಲಿ ಶೇಕಡಾ 70ನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಜಾರಿಯಾಗಿದ್ದರೂ ಮನೆಯ ನೆಲದ ಮೇಲೆ ಹನ್ನೊಂದು ದಿನ ಕೂತೆದ್ದು ಹೋಗುವ ತಂಡವನ್ನು ಅದು ಹೇಗೆ ಮುಟ್ಟುತ್ತಿತ್ತೋ! ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನವರು ದಿನಾ ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಜಿಲ್ಲೆಯಿದು. ಪರಊರಿನಲ್ಲಿ ದುಡಿಯುವುದೇನೆಂದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ.

ಮಹಡಿಯ ಕೆಲಸವನ್ನು ಗುತ್ತಿಗೆದಾರರನ್ನು ಬಿಟ್ಟು, ಮೇಸ್ತ್ರಿಯ ಮೂಲಕ ಅದೇ ಹುಡುಗರಿಗೆ ಕೊಟ್ಟಿದ್ದೇವೆ. ಚದರ ಅಡಿಗೆ 29 ರೂಪಾಯಿ. ಟೈಲ್ಸ್ ಪೆಟ್ಟಿಗೆ ಮೇಲೆ ಸಾಗಿಸುವ ದಿನಗೂಲಿ ಆ ಇಬ್ಬರು ಹೆಂಗಸರಿಗೆ ಎಂಬುದು ಕರಾರು.