ಜಿಪ್ಸಿಗೆ 30 ಎಂಎಂ ವೀಲ್ ಸ್ಪೇಸರ್, ಮೂರು ಮಳೆಗಾಲ ಓಡ್ಸಿದ್ಮೇಲೆ

ನಮ್ದು 2008ರ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, ಪವರ್ ಸ್ಟೇರಿಂಗ್ ಇಲ್ಲ. ಮೂಡಿಗೆರೆ ಹತ್ರ ತೋಟಕ್ಕೆ ಓಡಾಡೋಕೂ ಅದೇ, ತಿಂಗಳಿಗೊಂದ್ಸಲ ಬೆಂಗಳೂರಿಗೂ ಅದೇ. ಸ್ಪೇಸರ್ ಅಂದ್ರೆ ಚಕ್ರಕ್ಕೂ ಅದು ಕೂರೋ ಹಬ್ಬಿಗೂ ನಡುವೆ ಹಾಕೋ ದಪ್ಪ ಲೋಹದ ಬಿಲ್ಲೆ, ಚಕ್ರನ ಅಷ್ಟು ಆಚೆ ತಳ್ಳುತ್ತೆ. ನಾಲ್ಕೂ ಚಕ್ರಕ್ಕೆ 30 ಎಂಎಂ ಸ್ಪೇಸರ್ ಹಾಕ್ಸಿ ಹತ್ತತ್ರ 26 ಸಾವಿರ ಕಿಲೋಮೀಟರ್ ಆಯ್ತು, ಹಾಕ್ಸೋಣ ಅಂತಿರೋರು ಮೊದ್ಲು ಇದನ್ನ ಓದ್ಬಿಡಿ.

ಯಾಕೆ ಹಾಕ್ಸಿದ್ದು ಅಂದ್ರೆ ಎರಡು ಕಾರಣ. 215/75 ಆರ್15 ಟೈರ್ ಹಾಕಿದ್ಮೇಲೆ ಫುಲ್ ಲಾಕ್ ತಿರುಗ್ಸಿದ್ರೆ ಟೈರಿನ ಒಳಮೈ ಲೀಫ್ ಸ್ಪ್ರಿಂಗಿಗೆ ಉಜ್ತಿತ್ತು. ಇನ್ನೊಂದು, ಇದನ್ನ ಯಾರೂ ಹೇಳಲ್ಲ, ತೋಟದ ದಾರೀಲಿ ಪಿಕಪ್ಪು ಟ್ರ್ಯಾಕ್ಟರು ಓಡಾಡಿ ಬಿದ್ದಿರೋ ಜಾಡು ಜಿಪ್ಸಿಗಿಂತ ಅಗಲ, ಹಾಗಾಗಿ ಒಂದು ಚಕ್ರ ಜಾಡಲ್ಲಿ ಇಳಿದ್ರೆ ಇನ್ನೊಂದು ನಡುವಿನ ದಿಣ್ಣೆ ಮೇಲೆ ಹತ್ತಿರುತ್ತೆ, ಗಾಡಿ ಇಡೀ ದಾರಿ ಧರೆ ಕಡೆ ವಾಲ್ಕೊಂಡೇ ಹೋಗೋದು. ಎಡ ಬಲ ಚಕ್ರಗಳ ಮಧ್ಯದಿಂದ ಮಧ್ಯಕ್ಕೆ ಇರೋ ದೂರ, ಅಂದ್ರೆ ಟ್ರ್ಯಾಕ್, ಮುಂದೆ 1300 ಎಂಎಂ, ಹಿಂದೆ 1310, ಸ್ಪೇಸರ್ ಹಾಕಿದ್ರೆ ಎರಡೂ ಕಡೆ ಸೇರಿ 60 ಹೆಚ್ಚಾಗುತ್ತೆ. ಅಷ್ಟರಿಂದ ಏನಾಗುತ್ತೆ ಅಂತ ನನಗೂ ಅನ್ಸಿತ್ತು, ಆದ್ರೆ ಮೊದಲ ಜುಲೈನಲ್ಲೇ ಗೊತ್ತಾಯ್ತು, ಓರೆ ಇಳಿಜಾರಲ್ಲಿ ಹೊಟ್ಟೆ ಒಳಗೆ ಆಗ್ತಿದ್ದ ಆ ಭಯ ನಿಜವಾಗ್ಲೂ ಕಮ್ಮಿ ಆಯ್ತು. ಘಾಟಿ ತಿರುವಲ್ಲೂ ವಾಲಾಟ ಕಡಿಮೆ. ಲೀಫಿಗೆ ಉಜ್ಜೋದು ಪೂರ್ತಿ ನಿಂತೋಯ್ತು.

ಈಗ ಸ್ಟೇರಿಂಗ್ ವಿಷಯಕ್ಕೆ ಬರ್ತೀನಿ. ಮಾರುತಿಯವ್ರೇ 1993ರಲ್ಲಿ ವೈಡ್‌ಟ್ರ್ಯಾಕ್ ಜಿಪ್ಸಿ ಅಂತ ತಂದು ಟ್ರ್ಯಾಕ್ 90 ಎಂಎಂ ಜಾಸ್ತಿ ಮಾಡಿದ್ರಲ್ಲ, ನಾವು ಮಾಡಿದ್ರೆ ಏನ್ ತಪ್ಪು ಅಂತ ತುಂಬಾ ಜನ ಕೇಳ್ತಾರೆ. ಅವ್ರು ಅಗಲ ಮಾಡಿದ್ದು ಆಕ್ಸಲ್‌ನೇ, ಕಿಂಗ್ ಪಿನ್ನೂ (ಸ್ಟೇರಿಂಗ್ ತಿರುಗ್ಸಿದಾಗ ಮುಂದಿನ ಚಕ್ರ ಯಾವುದರ ಸುತ್ತ ತಿರುಗುತ್ತೋ ಆ ಪಿನ್ನು) ಚಕ್ರದ ಜೊತೆಗೇ ಆಚೆ ಹೋಯ್ತು. ಸ್ಪೇಸರಲ್ಲಿ ಕಿಂಗ್ ಪಿನ್ ಇದ್ದಲ್ಲೇ ಇರುತ್ತೆ, ಚಕ್ರ ಮಾತ್ರ ಆಚೆ ಹೋಗುತ್ತೆ. ಕಿಂಗ್ ಪಿನ್ನಿನ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರಿನ ಮಧ್ಯಕ್ಕೂ ಇರೋ ದೂರಕ್ಕೆ ಸ್ಕ್ರಬ್ ರೇಡಿಯಸ್ ಅಂತಾರೆ, ಅದು 30 ಎಂಎಂ ಜಾಸ್ತಿ ಆಗುತ್ತೆ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಬೋಲ್ಟ್ ಸುಲಭಕ್ಕೆ ತಿರುಗುತ್ತಲ್ಲ ಹಂಗೆ, ಇಲ್ಲಿ ಕಲ್ಲಿನ ಕೈಗೆ ಉದ್ದ ಹಿಡಿ ಕೊಟ್ಟಂಗೆ ಆಗುತ್ತೆ. ಒಂದು ಚಕ್ರ ಕಲ್ಲಿಗೆ ತಾಗಿದ್ರೆ ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ತಿರುಗುತ್ತೆ. ಹೆಬ್ಬೆರಳು ಯಾವತ್ತೂ ಸ್ಟೇರಿಂಗ್ ಒಳಗಡೆ ಸಿಕ್ಕಿಸ್ಕೊಂಡು ಹಿಡೀಬೇಡಿ, ನನ್ನ ಎಡಗೈ ಹೆಬ್ಬೆರಳು ಹದಿನೈದು ದಿನ ಊದಿತ್ತು. ಟಾರ್ ರೋಡಲ್ಲಿ ಒಂದು ಕಡೆ ಚಕ್ರ ಅಂಚಿನ ಕೆಸರಿಗೆ ಇಳಿದಿರುವಾಗ ಬ್ರೇಕ್ ಹಾಕಿದ್ರೆ ಗಾಡಿ ಟಾರ್ ಕಡೆಗೆ ಎಳೆಯುತ್ತೆ, ಮುಂಚೆಗಿಂತ ಜಾಸ್ತಿ, ಇದು ನನಗೆ ಹೆದರಿಕೆ ತಂದಿದ್ದು.

ಮೊದಲ ಸೆಟ್ ಲೇತ್‌ನಲ್ಲಿ ಕಡೆಸಿದ್ದು, ಅದು ನನ್ನ ದೊಡ್ಡ ತಪ್ಪು. ಮಧ್ಯದ ತೂತು ಹಬ್ಬಿಗೆ ಸರಿಯಾಗಿ ಕೂರ್ತಿರ್ಲಿಲ್ಲ, ಬರೀ ಸ್ಟಡ್ (ಚಕ್ರ ಬಿಗಿಯೋ ಬೋಲ್ಟ್) ಮೇಲೆ ನಿಂತಿತ್ತು, 70 ದಾಟಿದ್ರೆ ಸ್ಟೇರಿಂಗ್ ನಡುಕ. ನಾಲ್ಕೇ ತಿಂಗಳಿಗೆ ತೆಗೆಸಿ ಹಬ್ ಸೆಂಟ್ರಿಕ್, ಅಂದ್ರೆ ಮಧ್ಯದ ತೂತು ಹಬ್ಬಿಗೆ ಸರಿಯಾಗಿ ಕೂರೋ, ಫೋರ್ಜ್ಡ್ ಅಲ್ಯೂಮಿನಿಯಂ ಸೆಟ್ ತರಿಸ್ದೆ, ನಡುಕ ಹೋಯ್ತು. ಹಾಕಿ 100 ಕಿಲೋಮೀಟರ್ ಆದ್ಮೇಲೆ ಚಕ್ರ ಬಿಚ್ಚಿ, ಸ್ಪೇಸರನ್ನ ಹಬ್ಬಿಗೆ ಬಿಗಿದಿರೋ ಒಳಗಿನ ನಟ್‌ಗಳನ್ನೂ ಟಾರ್ಕ್ ರೆಂಚಲ್ಲಿ ನೋಡ್ಲೇಬೇಕು, ಅವು ಹೊರಗಿಂದ ಕಾಣಲ್ಲ. ನನ್ನದ್ರಲ್ಲಿ ಎರಡು ಸಡಿಲ ಆಗಿದ್ವು. ಸ್ಪೇಸರ್ ತೆಳು ಇದ್ರೆ ಹಬ್ಬಿನ ಹಳೇ ಸ್ಟಡ್ ಆಚೆ ಬಂದು ರಿಮ್ಮಿಗೆ ತಾಗುತ್ತೆ, ಅದನ್ನೂ ಅಳತೆ ಮಾಡ್ಕೊಳ್ಳಿ.

ಮುಂದಿನ ಎಡಗಡೆ ವೀಲ್ ಬೇರಿಂಗ್ 19 ಸಾವಿರಕ್ಕೆ ಸದ್ದು ಮಾಡ್ತು, ಕಿಂಗ್ ಪಿನ್ ಬೇರಿಂಗೂ ಒಟ್ಟಿಗೇ ಬದಲಾಯಿಸ್ದೆ. ಸ್ಪೇಸರಿಂದಾನೇ ಅಂತ ಹೇಳಕ್ಕಾಗಲ್ಲ, ಮೊಣಕಾಲುದ್ದ ನೀರಲ್ಲಿ ಓಡಿರೋ ಗಾಡಿ. ಟೈರ್ ಫೆಂಡರಿಂದ ಆಚೆ ಬಂದು ಕೆಸರೆಲ್ಲ ಕನ್ನಡಿಗೂ ಬಾಗಿಲಿಗೂ ಎರಚುತ್ತೆ. ಗಾಡಿಯಲ್ಲಿ ಮಾರ್ಪಾಡು ಮಾಡೋದರ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಇನ್ಶೂರೆನ್ಸು, ಇವೆರಡನ್ನೂ ಯೋಚನೆ ಮಾಡಿ.

ಈ ಮಾರ್ಚಲ್ಲಿ ಮುಂದಿನದೂ ಹಿಂದಿನದೂ ನಾಲ್ಕೂ ತೆಗೆಸ್ಬಿಟ್ಟೆ. ಅಪ್ಪನಿಗೆ ಈಗ 71, ದಿನಾ ಕಣಕ್ಕೆ ಗಾಡಿ ತಗೊಂಡು ಹೋಗೋರು ಅವ್ರೇ, ಏರಲ್ಲಿ ಸ್ಟೇರಿಂಗ್ ಒದ್ದು ಒದ್ದು ಮಣಿಕಟ್ಟು ನೋವು ಅಂತ ರಾತ್ರಿ ಎಣ್ಣೆ ಹಚ್ಕೊಳ್ತಾ ಕೂತಿರೋದು ನೋಡಿ ಮನಸ್ಸು ತಡೀಲಿಲ್ಲ. ನಾನೊಬ್ನೇ ಓಡ್ಸೋ ಗಾಡಿ ಆಗಿದ್ರೆ ತೆಗೀತಿರ್ಲಿಲ್ಲ, ಪವರ್ ಸ್ಟೇರಿಂಗ್ ಇರೋ ಜಿಮ್ನಿಯಂಥ ಗಾಡಿಗಾದ್ರೆ ಈ ಒದೆ ಕೈಗೆ ಇಷ್ಟು ಬರಲ್ಲ, ಆದ್ರೆ ಅಲ್ಲೂ 30ರ ಮೇಲೆ ಹೋಗ್ಬೇಡಿ. ಈಗ ಟೈರ್ ಮತ್ತೆ ಲೀಫಿಗೆ ತಾಗುತ್ತೆ ಅಂತ ಸ್ಟೇರಿಂಗ್ ಸ್ಟಾಪರ್ ಬೋಲ್ಟ್ ಸ್ವಲ್ಪ ಆಚೆ ಬಿಡಿಸಿದೀನಿ, ಗೇಟ್ ಹತ್ರ ಒಂದೇ ಸಲಕ್ಕೆ ತಿರುಗ್ತಿದ್ದ ಗಾಡಿ ಈಗ ಒಮ್ಮೆ ರಿವರ್ಸ್ ತಗೊಳ್ಳತ್ತೆ.