ಟಾರ್ಗೆಟ್ ಚೆನ್ನಾಗಿತ್ತು, ನಳಿಗೆ ಹೋಯಿತು

ಬಾಯಿಂದ ಮದ್ದು ಗುಂಡು ತುಂಬಿ, ಕೇಪು ಸಿಡಿಸಿ ಹೊಡೆಯುವ ಕೇಪಿನ ಕೋವಿಗೆ ಯಾವ ಜಿಡ್ಡು ಹಚ್ಚಿದರೆ, ಯಾವ ಮದ್ದು ತುಂಬಿದರೆ ಗುರಿ ಚೆನ್ನಾಗಿ ಬರುತ್ತದೆ ಎಂದು ಪರೀಕ್ಷೆ ಮಾಡಲು ಹೊರಟಿರುವವರು ಇದನ್ನು ಓದಿ. ಅದರಲ್ಲೂ ಗ್ಯಾರೇಜಿನಲ್ಲಿರುವ ಗ್ರೀಸ್ ಡಬ್ಬಿಯ ಮೇಲೆ ಕಣ್ಣು ಬಿದ್ದಿರುವವರು. ನನ್ನ ಕಣ್ಣೂ ಬಿದ್ದಿತ್ತು. ಈಗ ನನ್ನ ಕೋವಿಯ ಹಳೇ ನಳಿಗೆಯಲ್ಲಿ ಒಂದು ಉಂಗುರ ಇದೆ. ಬಟ್ಟೆ ಸುತ್ತಿದ ಗಜವನ್ನು, ಅಂದರೆ ಗುಂಡು ತಳ್ಳುವ ಕೋಲನ್ನು, ಒಳಗೆ ತಳ್ಳಿದರೆ ಬಿಗಿಯಾಗಿ ಹೋಗುತ್ತದೆ, ಬುಡದಿಂದ ಆರು ಇಂಚು ಮೇಲೆ ಒಮ್ಮೆ ಪುಸಕ್ಕನೆ ಸಡಿಲವಾಗುತ್ತದೆ, ಮತ್ತೆ ಬಿಗಿ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬೆರಳು ಸವರಿದರೆ ಸಣ್ಣ ಉಬ್ಬು ಸಿಗುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಅಮೆರಿಕದ ಒಹಾಯೊದಲ್ಲಿ. ಊರಿನಲ್ಲಿ ಅಜ್ಜಯ್ಯನ ಹತ್ತಿರ ಗದ್ದೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇತ್ತು. ಅದನ್ನು ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ಇಲ್ಲಿ ನೋಡಿದರೆ ಅದೇ ತರದ ಕೋವಿಯನ್ನು ಜನ ಹವ್ಯಾಸಕ್ಕೆ ಅಂತ ಹೊಡೆಯುತ್ತಾರೆ. ಪಕ್ಕದ ಇಂಡಿಯಾನದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಇದಕ್ಕೇ ಒಂದು ರಾಷ್ಟ್ರೀಯ ಸಂಘ ಇದೆ, ಹುಟ್ಟಿದ್ದು 1933ರಲ್ಲಿ. ವರ್ಷಕ್ಕೆ ಎರಡು ಸಲ ದೊಡ್ಡ ಸ್ಪರ್ಧೆ ನಡೆಯುತ್ತದೆ. ಒಂದು ಸಲ ನೋಡಲು ಹೋದವನು ಬರುವಾಗ ಹುಚ್ಚು ಹಿಡಿಸಿಕೊಂಡೇ ಬಂದೆ.

ಅಜ್ಜಯ್ಯನ ಕೋವಿಗೂ ನನ್ನದಕ್ಕೂ ಒಂದು ವ್ಯತ್ಯಾಸ ಇದೆ. ಅವರದು ಒಳಗೆ ನುಣುಪು, ಚರೆ ತುಂಬುವ ಕೋವಿ. ನನ್ನದು ರೈಫಲ್, ಒಳಗೆ ಸುತ್ತು ಗೀರು ಇದೆ. 0.50 ಇಂಚಿನ ನಳಿಗೆಗೆ 0.49 ಇಂಚಿನ ಮೆತ್ತನೆಯ ಸೀಸದ ಗುಂಡು. ಗುಂಡು ನಳಿಗೆಗಿಂತ ಚಿಕ್ಕದಾದ್ದರಿಂದ ಅದಕ್ಕೊಂದು ಹತ್ತಿ ಬಟ್ಟೆಯ ತುಂಡು ಸುತ್ತಿ ಒಳಗೆ ತಳ್ಳಬೇಕು. ಇಲ್ಲಿ ಇದಕ್ಕೆ ಪ್ಯಾಚ್ ಅಂತಾರೆ. ಗೀರನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುವುದು ಈ ಬಟ್ಟೆಯೇ, ಸೀಸ ಅಲ್ಲ. ಹಾಗಾಗಿ ಬಟ್ಟೆ ಎಷ್ಟು ದಪ್ಪ, ಅದಕ್ಕೆ ಯಾವ ಜಿಡ್ಡು ಅನ್ನುವುದರ ಮೇಲೆ ಗುರಿ ನಿಂತಿರುತ್ತದೆ. ಇಲ್ಲಿನ ಹಳಬರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉಪಾಯ: ಎಂಜಲು, ಕರಡಿ ಕೊಬ್ಬು, ಜೇನುಮೇಣ, ಆಲಿವ್ ಎಣ್ಣೆ, ಅಡುಗೆಯ ಡಾಲ್ಡಾ ತರದ್ದು.

ನಾನು ಶುರು ಮಾಡಿದ್ದು ತುಪ್ಪದಿಂದ! ನಗಬೇಡಿ. 1857ರಲ್ಲಿ ಸಿಪಾಯಿಗಳು ತಿರುಗಿಬಿದ್ದದ್ದು ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾಕ್ಕೆ ಸವರಿದ್ದ ಕೊಬ್ಬಿನ ವಿಷಯಕ್ಕೇ ಅಲ್ವಾ? ಬೇಕಾದ ಜಿಡ್ಡನ್ನು ನೀವೇ ಹಚ್ಚಿಕೊಳ್ಳಿ ಎಂದು ಗುಸುಗುಸು ಹಬ್ಬಿದ ಮೇಲೆ ಕಂಪನಿಯವರು ಹೇಳಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ತುಪ್ಪ ಕೆಟ್ಟ ಜಿಡ್ಡಲ್ಲ. ಆದರೆ ಉಪ್ಪು ಹಾಕಿದ ಬೆಣ್ಣೆಯ ಹತ್ತಿರ ಹೋಗಬೇಡಿ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯನ್ನೂ ನೋಡಿದೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇಲ್ಲಿನ ನವೆಂಬರಿನಲ್ಲಿ ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು.

ಈ ಎರಡರಲ್ಲೂ 50 ಗಜಕ್ಕೆ ಐದು ಗುಂಡು ಹೊಡೆದರೆ ಸುಮಾರು ಮೂರು ಇಂಚಿನೊಳಗೆ ಬೀಳುತ್ತಿದ್ದವು. ಅಷ್ಟರಲ್ಲೇ ತೃಪ್ತಿಪಟ್ಟುಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಒಂದು ಶನಿವಾರ ಕಾರಿನ ಬೇರಿಂಗಿಗೆ ಹಾಕುವ ಗ್ರೀಸನ್ನು ಬಟ್ಟೆಗೆ ತಿಕ್ಕಿದೆ. ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ತಲೆ. ಇಂಜಿನ್ ಬಿಸಿ ತಡೆಯುವ ಗ್ರೀಸ್ ಕೋವಿಯ ಬಿಸಿ ತಡೆಯದೇ ಇರುತ್ತದೆಯೇ ಅಂತ. ಮೂರು ಗುಂಡು ಹೊಡೆದೆ. ಮೂರೂ ಒಂದಕ್ಕೊಂದು ಮುತ್ತಿಕ್ಕಿಕೊಂಡು ಬಿದ್ದಿದ್ದವು. ಒಂದು ಕಾಫಿ ಲೋಟದ ಬಾಯಲ್ಲಿ ಮುಚ್ಚಬಹುದಿತ್ತು. ಆ ಕಾಗದವನ್ನು ಮಡಚಿ ಜೇಬಲ್ಲಿ ಇಟ್ಟುಕೊಂಡು ಮನೆಗೆ ಬಂದು ಹೆಂಡತಿಗೂ ತೋರಿಸಿದೆ.

ಮೂರು ಗುಂಡಿನ ಲೆಕ್ಕ ಲೆಕ್ಕವೇ ಅಲ್ಲ. ಅಷ್ಟು ಹತ್ತಿರ ಸುಮ್ನೆ ಅದೃಷ್ಟಕ್ಕೂ ಬೀಳುತ್ತವೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಕಪ್ಪು ಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯಾಗುವುದೇ ಇಲ್ಲ. ಒಂದಿಷ್ಟು ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಮಸಿಯಾಗಿ ನಳಿಗೆಯೊಳಗೆ ಕೂರುತ್ತದೆ. ಜಿಡ್ಡು ಮಾಡಬೇಕಾದ ದೊಡ್ಡ ಕೆಲಸ ಈ ಮಸಿಯನ್ನು ಮೆತ್ತಗೆ ಇಡುವುದು. ತುಪ್ಪ, ಎಣ್ಣೆ, ಮೇಣ ಅದನ್ನು ಮಾಡುತ್ತವೆ. ನಾನು ಹಾಕಿದಂಥ ಪೆಟ್ರೋಲಿಯಂ ಗ್ರೀಸ್ ಈ ಮಸಿಯ ಜೊತೆ ಬೆಂದರೆ ಡಾಂಬರಾಗುತ್ತದೆ. ಮೂರು ಗುಂಡಿಗೆ ಡಾಂಬರು ತೆಳ್ಳಗಿರುತ್ತದೆ, ಗೊತ್ತಾಗುವುದಿಲ್ಲ. ಆರಕ್ಕೆ ಗೊತ್ತಾಗುತ್ತದೆ.

ಮುಂದಿನ ಶನಿವಾರ ಚಳಿ, ಒಣ ಗಾಳಿ. ಅವತ್ತು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಅದುವರೆಗೆ ಎರಡು ಎಫ್ ಮದ್ದು ಹಾಕುತ್ತಿದ್ದೆ. ಎಫ್ ಜಾಸ್ತಿ ಆದಷ್ಟೂ ಮದ್ದಿನ ಕಾಳು ಸಣ್ಣ, ಉರಿಯುವುದು ಬೇಗ, ಒತ್ತಡ ಜಾಸ್ತಿ. ಗ್ರೀಸ್ ಗೆದ್ದಿದೆಯಲ್ಲ ಅಂತ ಅದರ ಜೊತೆಗೇ ಮೂರು ಎಫ್ ಮದ್ದನ್ನೂ ನೋಡಿಬಿಡೋಣ ಎಂದುಕೊಂಡೆ. ಅಳತೆಯನ್ನೂ ಇಳಿಸಲಿಲ್ಲ, ಅದೇ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಸಣ್ಣ ಕಾಳಿಗೆ ಹೋಗುವಾಗ ಅಳತೆ ಇಳಿಸಿ ಕೆಳಗಿನಿಂದ ಶುರು ಮಾಡಬೇಕು, ಕೋವಿ ಮಾಡಿದವರ ಪುಸ್ತಕದಲ್ಲಿ ಎಷ್ಟಿದೆ ಎಂದು ನೋಡಬೇಕು. ಪುಸ್ತಕ ಮನೆಯಲ್ಲಿತ್ತು. ಜಿಡ್ಡು ಒಂದು, ಮದ್ದು ಒಂದು, ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಫಲ ಯಾವುದರಿಂದ ಬಂತು ಎಂದು ಹೇಳುವುದು ಹೇಗೆ? ಅಷ್ಟೂ ಯೋಚನೆ ಬರಲಿಲ್ಲ.

ಸಾಲದ್ದಕ್ಕೆ, ಗುಂಡಿಗೊಮ್ಮೆ ನಳಿಗೆ ಒರೆಸುವುದನ್ನೂ ಬಿಟ್ಟೆ. ಒರೆಸದೆ ಎಷ್ಟು ಹೊಡೆಯಬಹುದು ನೋಡೋಣ ಅಂತ.

ನಾಲ್ಕನೆಯ ಗುಂಡು ತಳ್ಳುವಾಗ ಗಜ ಬಿಗಿಯಾಯಿತು. ಐದನೆಯದಕ್ಕೆ ಎರಡೂ ಕೈ ಬೇಕಾಯಿತು. ಆರನೆಯದು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತುಬಿಟ್ಟಿತು. ಇನ್ನೊಮ್ಮೆ ಅದುಮಿದೆ. ಕುಕ್ಕಿದೆ. ಅಲ್ಲಾಡಲಿಲ್ಲ. ಬುಡ ಮುಟ್ಟಿರಬೇಕು ಅಂದುಕೊಂಡೆ. ಅಂದುಕೊಂಡೆ ಅಂತ ಬರೆಯುವಾಗ ನಾಚಿಕೆಯಾಗುತ್ತದೆ, ಯಾಕೆಂದರೆ ನನ್ನ ಗಜದ ಮೇಲೆ ಕೆಂಪು ಟೇಪಿನ ಗುರುತು ಇತ್ತು. ಈಡು, ಅಂದರೆ ತುಂಬಿದ ಮದ್ದು ಗುಂಡು, ಸರಿಯಾಗಿ ಕೂತರೆ ಆ ಟೇಪು ನಳಿಗೆಯ ಬಾಯಿಗೆ ಸರಿಯಾಗಿ ಬರಬೇಕು. ಅವತ್ತು ಅದು ನಾಲ್ಕು ಇಂಚು ಮೇಲೆ ಇದ್ದಿರಬೇಕು. ನನ್ನ ಕಣ್ಣು ಟಾರ್ಗೆಟ್ ಮೇಲಿತ್ತು. ಆ ಹೊತ್ತಿಗೆ ಐದು ಗುಂಡು ಚೆನ್ನಾಗಿ ಬಿದ್ದಿದ್ದವು, ಆರನೆಯದೂ ಅಲ್ಲೇ ಬೀಳಲಿ ಅನ್ನುವ ಆಸೆ.

ಕೇಪು ಹಾಕಿ ಕೋವಿಯ ಕುದುರೆ ಎಳೆದೆ.

ಸದ್ದು ಬೇರೆಯಾಗಿತ್ತು. ಢಂ ಅನ್ನುವ ಬದಲು ಗುಡುಮ್ ಎಂದಿತು, ಮುಚ್ಚಿದ ಪಾತ್ರೆಯೊಳಗೆ ಹೊಡೆದ ಹಾಗೆ. ಎಡಗೈಗೆ ನಳಿಗೆ ಒಮ್ಮೆ ಕಂಪಿಸಿದ್ದು ತಾಗಿತು. ಟಾರ್ಗೆಟ್‌ನಲ್ಲಿ ಆರನೆಯ ತೂತೇ ಇಲ್ಲ. ರೇಂಜ್ ನೋಡಿಕೊಳ್ಳುವ ಹಿರಿಯರೊಬ್ಬರು ಸದ್ದು ಕೇಳಿಯೇ ಎದ್ದು ಬಂದರು. ಏನೂ ಬೈಯಲಿಲ್ಲ. ಕೋವಿ ಖಾಲಿ ಇದೆಯೆಂದು ನೋಡಿಕೊಂಡು, ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ಒಳಗೆ ತಳ್ಳಿ, "ಇಲ್ಲಿ ಹಿಡಿದುಕೊಂಡು ತಳ್ಳಿ ನೋಡಿ" ಎಂದು ನನ್ನ ಕೈಗೆ ಕೊಟ್ಟರು. ಆಗಲೇ ಆ ಪುಸಕ್ಕನೆ ಸಡಿಲವಾಗುವುದು ಮೊದಲ ಸಲ ಗೊತ್ತಾದದ್ದು. ಹೊರಗೆ ಬಂದ ಬಟ್ಟೆಯಲ್ಲಿ ಕಂದು ಕಪ್ಪು ಬಣ್ಣದ ಅಂಟು. ಸಾಬೂನು ನೀರಿಗೂ ಬಿಡಲಿಲ್ಲ.

ಗುಂಡಿಗೂ ಮದ್ದಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ನನ್ನದು ಉಬ್ಬಿತು. ಎಡಗೈಯ ಐದೂ ಬೆರಳು ಇದನ್ನು ಟೈಪ್ ಮಾಡಲು ಇವೆ.

ಆಮೇಲೆ ಆ ಹಿರಿಯರು ನನ್ನನ್ನು ಟಾರ್ಗೆಟ್ ಕಡೆಗೆ ಕರೆದುಕೊಂಡು ಹೋಗಲಿಲ್ಲ. ಬೆಂಚಿನಿಂದ ಹತ್ತು ಹದಿನೈದು ಗಜ ಮುಂದೆ ಹುಲ್ಲಿನಲ್ಲಿ ಹುಡುಕಿಸಿದರು. ಹೊಡೆದ ಬಟ್ಟೆಗಳು ಬೀಳುವುದು ಅಲ್ಲೇ. ಸರಿಯಾದ ಬಟ್ಟೆ ನಡುವೆ ಕಪ್ಪಾಗಿ, ಅಂಚು ಎಳೆ ಎಳೆಯಾಗಿ, ಇನ್ನೊಂದು ಸಲ ಹೊಡೆಯಬಹುದು ಅನ್ನುವಷ್ಟು ಗಟ್ಟಿ ಇರುತ್ತದೆ. ನನ್ನವು ಮೂರು ಸಿಕ್ಕವು. ಎರಡರಲ್ಲಿ ನಡುವೆ ಸುಟ್ಟ ತೂತು, ಒಂದು ಅರ್ಧಕ್ಕೆ ಹರಿದಿತ್ತು. ಅಂದರೆ ಬೆಂಕಿ ಬಟ್ಟೆಯನ್ನು ದಾಟಿ ಗುಂಡಿನ ಪಕ್ಕದಿಂದ ನುಗ್ಗುತ್ತಿತ್ತು. ಹಿಂದಿನ ಶನಿವಾರವೇ ಹದಿನೈದು ಹೆಜ್ಜೆ ನಡೆದು ಬಗ್ಗಿ ನೋಡಿದ್ದರೆ ಸಾಕಿತ್ತು. ಟಾರ್ಗೆಟ್ ಹೊಗಳುತ್ತಿತ್ತು, ಬಟ್ಟೆ ಚಾಡಿ ಹೇಳುತ್ತಿತ್ತು. ನನಗೆ ಹೊಗಳಿಕೆಯೇ ಬೇಕಿತ್ತು.

ಗುಂಡು ನಡುವೆ ಸಿಕ್ಕಿಕೊಂಡರೆ ಹೊಡೆದು ತೆಗೆಯಲು ಹೋಗಬೇಡಿ. ಕೇಪು ತೆಗೆಯಿರಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಮುಖ ಕೈ ಅದರ ಎದುರಿಗೆ ಬಾರದಂತೆ ನೋಡಿಕೊಳ್ಳಿ. ಕೇಪು ಕೂರುವ ಕಡೆಯಿಂದ ನೀರು ಇಲ್ಲವೇ ಎಣ್ಣೆ ಬಿಟ್ಟು ಮದ್ದನ್ನು ಪೂರ್ತಿ ಸಾಯಿಸಿ. ಅದು ಆದ ಮೇಲೆ ಗಜದ ತುದಿಗೆ ಸಿಕ್ಕಿಸುವ ತಿರುಪಿನಿಂದ ಗುಂಡನ್ನು ಎಳೆಯಬಹುದು. ಗಾಳಿ ಒತ್ತಿ ಗುಂಡು ತಳ್ಳುವ ಸಣ್ಣ ಸಾಧನವೂ ಸಿಗುತ್ತದೆ. ಬಳಸಿ ಗೊತ್ತಿಲ್ಲದಿದ್ದರೆ ರೇಂಜಿನವರನ್ನು ಕರೆಯಿರಿ, ಅದರಲ್ಲಿ ಏನೂ ಮರ್ಯಾದೆ ಹೋಗುವುದಿಲ್ಲ.

ಅದೇ ಚಳಿಗಾಲದಲ್ಲಿ ಪರಿಚಯದವರೊಬ್ಬರು ಚೀಟಿ ಇಲ್ಲದ ಡಬ್ಬಿಯಲ್ಲಿ ಒಂದಿಷ್ಟು ಕಪ್ಪು ಪುಡಿ ಕೊಡಲು ಬಂದರು, ಗ್ಯಾರೇಜ್ ಖಾಲಿ ಮಾಡುವಾಗ ಸಿಕ್ಕಿತಂತೆ. ನೋಡಲು ಕಪ್ಪಗಿದೆ ಅಂದ ಮಾತ್ರಕ್ಕೆ ಅದು ಕಪ್ಪು ಮದ್ದಾಗುವುದಿಲ್ಲ. ಈಗಿನ ತೋಟಾಗಳಿಗೆ ತುಂಬುವ ಹೊಗೆಯಿಲ್ಲದ ಪುಡಿಯೂ ಎಷ್ಟೋ ಸಲ ಅದೇ ಬಣ್ಣ. ಅದನ್ನು ಇಂಥ ಕೋವಿಗೆ ತುಂಬಿದರೆ ಉಂಗುರದ ಮಾತು ಇರುವುದಿಲ್ಲ, ನಳಿಗೆಯೇ ಚೂರಾಗುತ್ತದೆ. ಬೇಡ ಎಂದೆ. ಅಷ್ಟಾದರೂ ಬುದ್ಧಿ ಬಂದಿತ್ತು. ಅಂಗಡಿಯಲ್ಲಿ ಸಿಗುವ ಬದಲಿ ಮದ್ದುಗಳೂ ಎಲ್ಲಾ ಒಂದೇ ಅಲ್ಲ. ಟ್ರಿಪಲ್ ಸೆವೆನ್ ಹಾಕುವುದಾದರೆ ಅದರ ಅಳತೆಯನ್ನು ನೂರಕ್ಕೆ ಹದಿನೈದರಷ್ಟು ಇಳಿಸಬೇಕು, ಅದಕ್ಕೆ ಅಷ್ಟು ಜೋರಿದೆ. ಪೈರೊಡೆಕ್ಸ್ ಕಪ್ಪು ಮದ್ದಿಗಿಂತ ಹಗುರ, ಅದನ್ನು ತೂಕ ಮಾಡಿ ಹಾಕಬಾರದು, ಅಳತೆಯ ಕೊಳವೆಯಲ್ಲಿಯೇ ಅಳೆಯಬೇಕು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಎಲ್ಲಾ ಹೇಳಿದೆ. ಗ್ರೀಸ್, ಎಫ್, ಗ್ರೇನ್ ಯಾವುದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಗಜ ಎಷ್ಟು ಬೆರಳು ಹೊರಗಿತ್ತೋ?" ಎಂದರು.

ಊರಿನಲ್ಲಿ ಈಡಿನ ಲೆಕ್ಕವೇ ಅದು. ತುಂಬಿದ ಮೇಲೆ ಗಜವನ್ನು ಒಳಗೆ ಬಿಟ್ಟು, ನಳಿಗೆಯ ಬಾಯಿಂದ ಮೇಲೆ ಎಷ್ಟು ಬೆರಳು ನಿಂತಿದೆ ಎಂದು ಅಳೆಯುತ್ತಾರೆ. ಅಷ್ಟು ನೋಡದೆ ಅಜ್ಜಯ್ಯ ಕೇಪು ಮುಟ್ಟುತ್ತಿರಲಿಲ್ಲವಂತೆ. ಎಷ್ಟೋ ಲೇಖನ ಓದಿ ಗಜಕ್ಕೆ ಕೆಂಪು ಟೇಪು ಸುತ್ತಿದ್ದವನು ನಾನು.

"ನೋಡಲಿಲ್ಲ ಅಪ್ಪಯ್ಯ," ಎಂದೆ. "ಐದು ಬೆರಳು ಜಾಸ್ತಿ ಇದ್ದಿರಬೇಕು."

"ಐದಾ!" ಎಂದು ಸುಮ್ಮನಾದರು. ಆಮೇಲೆ ಅಮ್ಮನಿಗೆ ಫೋನ್ ಕೊಟ್ಟರು.

ಹೊಸ ನಳಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಈಗ ನೀರಲ್ಲಿ ಬೆರೆಯುವ ಎಣ್ಣೆ ಒಂದು ಪಾಲಿಗೆ ಏಳು ಪಾಲು ನೀರು ಸೇರಿಸಿ, ಅದರಲ್ಲಿ ಬಟ್ಟೆ ಅದ್ದಿ ಒಣಗಿಸಿ ಬಳಸುತ್ತೇನೆ. ಹೊಸ ಬಟ್ಟೆಯಾದರೆ ಮೊದಲು ಒಗೆದು ಗಂಜಿ ಬಿಡಿಸುತ್ತೇನೆ. ಪೂರ್ತಿ ಹತ್ತಿಯೇ ಆಗಬೇಕು, ಟೆರಿಕಾಟ್ ತರದ್ದು ಕರಗಿ ನಳಿಗೆಗೆ ಅಂಟುತ್ತದೆ. ಗುಂಡಿಗೊಮ್ಮೆ ಒರೆಸುತ್ತೇನೆ, ಒಂದು ದಿನಕ್ಕೆ ಒಂದೇ ಬದಲಾವಣೆ. ಐದು ಗುಂಡು ಎರಡೂವರೆ ಇಂಚಿನೊಳಗೆ ಬೀಳುತ್ತವೆ. ತುಪ್ಪಕ್ಕಿಂತ ಅರ್ಧ ಇಂಚು ವಾಸಿ. ಇಷ್ಟಕ್ಕೆ ಅಷ್ಟೆಲ್ಲಾ ರಾಮಾಯಣ!